ಕೊನೆಯ ಪಾಠಕ್ಕೆ ಇಬ್ಬರು ಬೇಕು

ಬಾಗಿಲು ತೆರೆದೇ ಇತ್ತು. ಬೆಳಗ್ಗೆ ಅಪ್ಪನ ಜೊತೆ ಮಹಡಿ ಹತ್ತಿ ಬಂದ ಚಂದ್ರಮತಿ ಒಳಗೆ ಕಾಲಿಟ್ಟವಳೇ ಚೀರಿದಳು. ವಿಷ್ಣುತೀರ್ಥ ಮೇಷ್ಟ್ರು ನೆಲದ ಮೇಲೆ ಬಿದ್ದಿದ್ದರು. ತಲೆಯ ಬಳಿ ಕಬ್ಬಿಣದ ಟ್ರಂಕು. ಅದರ ಮೂಲೆಯಲ್ಲಿ ರಕ್ತ ಒಣಗಿತ್ತು.

ಮೇಷ್ಟ್ರು ಪಿನಾಂಗಿನಲ್ಲಿ ಗುಮಾಸ್ತರಾಗಿದ್ದು ಮದರಾಸಿಗೆ ಮರಳಿದವರು. ಮಲಯಾಕ್ಕೆ ಹಡಗು ಹತ್ತುವವರಿಗೆ ತಿರುವಲ್ಲಿಕ್ಕೇಣಿಯ ಈ ಕೋಣೆಯಲ್ಲಿ ನಾಲ್ಕು ಮಲಯ್ ಮಾತು ಕಲಿಸುತ್ತಿದ್ದರು. ನೀರು ಕೇಳುವುದು, ದಾರಿ ಕೇಳುವುದು, ಉಪಕಾರ ನೆನೆಯುವುದು. ಇಂಥವರ ಮೇಲೆ ಕೈಮಾಡಲು ಯಾರಿಗೆ ಮನಸ್ಸು ಬಂತೋ!

ಇನ್‌ಸ್ಪೆಕ್ಟರ್ ಬದರಿನಾಥ ಬಂದರು. ಹೆಣದ ಪಕ್ಕದಲ್ಲಿದ್ದ ತಿಂಡಿ ಡಬ್ಬಿಯನ್ನು ಪೇದೆ ಎತ್ತಿ ತೋರಿಸಿದ.

"ಯಾರದಮ್ಮಾ ಇದು?"

"ನಂದು ಸಾರ್. ನಿನ್ನೆ ಸಂಜೆ ಗೋಳಿಬಜೆ ಕೊಟ್ಟು ಕೂಡಲೇ ಹೋದೆ."

"ಕೊನೇಲಿ ಬಂದವಳು ಇವಳೇ ಅಯ್ಯಾ. ಬಿಡಬಾರದು," ಪೇದೆ ಪಿಸುಗುಟ್ಟಿದ.

ಚಂದ್ರಮತಿಯ ಅಪ್ಪ ಸುಬ್ರಾಯ ಕೆಳಗಿನ ಹೋಟೆಲಿನ ಅಡುಗೆಯವನು. ಕೈಮುಗಿದ. "ಇವತ್ತು ಸಂಜೆ ಇವಳ ಹಡಗು ಸಾರ್. ಮದುವೆಯಾದಂದಿನಿಂದ ಗಂಡ ಅಲ್ಲಿ, ಇವಳು ಇಲ್ಲಿ. ಇದು ತಪ್ಪಿದರೆ ಇನ್ನು ಯಾವ ಕಾಲಕ್ಕೋ, ಮಾರಾಯ್ರೆ!"

ಬದರಿನಾಥ ಹೆಣವನ್ನೇ ನೋಡುತ್ತಿದ್ದರು. ಹೆಗಲ ಮೇಲೆ ಶಲ್ಯ. ಕೈಯಲ್ಲಿ ಕೊಡೆ. ಪಾಠದ ಕೋಣೆಗೆ ಯಾರನ್ನೂ ಚಪ್ಪಲಿಯಲ್ಲಿ ಬಿಡದ ಮನುಷ್ಯನ ಕಾಲಲ್ಲಿ ಚಪ್ಪಲಿ! ಎಲ್ಲಿಗೋ ಅವಸರವಾಗಿ ಹೊರಟಿದ್ದರು.

"ಪಾಠಕ್ಕೆ ನೀನೇಕಪ್ಪಾ ಬಂದೆ?" ಎಂದು ಸುಬ್ರಾಯನನ್ನು ಕೇಳಿದರು.

"ಹೊರಡುವಾಗ ಹೇಳುವ ಮಾತನ್ನು ಮೇಷ್ಟ್ರು ಕೊನೇ ಪಾಠದಲ್ಲೇ ಕಲಿಸುವುದು ಸಾರ್. ಮೊದಲೇ ಬಾಯಲ್ಲಿ ಆಡಿದರೆ ಅಪಶಕುನವಂತೆ. ಹೋಗುವವರದು ಒಂದು ಮಾತು, ಉಳಿಯುವವರದು ಇನ್ನೊಂದು. ಅದಕ್ಕೇ ಮನೆಯವರೂ ಬರಬೇಕು."

* * *

ಅದೇ ಹಡಗಿಗೆ ಹೊರಟಿದ್ದ ಇನ್ನೊಬ್ಬ ಶಿಷ್ಯ ಕೃಷ್ಣಪ್ರಸಾದನೂ ಬಂದ. ಕೋಟು ತೊಟ್ಟ ಆಫೀಸಿನ ಮನುಷ್ಯ.

"ನಿನ್ನೆ ಇಲ್ಲಿಗೆ ಬಂದಿದ್ರಾ?"

"ಇಲ್ಲ ಸಾರ್. ಕೊನೇ ಪಾಠ ಇವತ್ತಿತ್ತು. ನನ್ನ ದುರದೃಷ್ಟ, ಅದು ಆಗಲೇ ಇಲ್ಲ."

"ಮಲಯ್ ಬೇರೆ ಎಲ್ಲಾದ್ರೂ ಕಲಿತಿದ್ದೀರಾ?"

"ಎಲ್ಲೂ ಇಲ್ಲ. ಕಲಿತದ್ದೆಲ್ಲ ಮೇಷ್ಟ್ರಿಂದಲೇ."

"ಮನೇಲಿ ಯಾರಿದ್ದಾರೆ?"

"ನಾನು ಒಂಟಿ."

ಹೆಣವನ್ನು ಎತ್ತಿದರು. ಚಂದ್ರಮತಿ ಕಣ್ಣೊರೆಸಿಕೊಳ್ಳುತ್ತ ತಾನು ಕಲಿತಿದ್ದ, ಉಪಕಾರ ನೆನೆಯುವ ಮಾತನ್ನು ಹೇಳಿದಳು: "ತೆರಿಮಾ ಕಾಸಿ, ಮೇಷ್ಟ್ರೇ."

ಕೃಷ್ಣಪ್ರಸಾದ ಹೆಣಕ್ಕೆ ಕೈಮುಗಿದ. "ಸೆಲಾಮತ್ ಜಾಲನ್," ಎಂದ ಮೆಲ್ಲಗೆ.

ಬದರಿನಾಥ ಥಟ್ಟನೆ ತಿರುಗಿದರು. "ಅಂದ್ರೆ ಏನಮ್ಮಾ?"

"ಗೊತ್ತಿಲ್ಲ ಸಾರ್. ಆ ಮಾತು ನಂಗೆ ಹೇಳಿಕೊಡಲಿಲ್ಲ."

ಕೃಷ್ಣಪ್ರಸಾದನ ಮುಖ ಬಿಳಿಚಿಕೊಂಡಿತು.

"ಇವಳಿಗೆ ಬಾರದ ಮಾತು ನಿಮಗೆ ಬಂತು," ಎಂದರು ಬದರಿನಾಥ. "ಹೆಣ ಎತ್ತುವಾಗ ಹೇಳಿದ್ರಿ, ಅಂದ್ರೆ ಅದು ಹೊರಡೋರಿಗೆ ಹೇಳೋ ಮಾತು. ಕೊನೇ ಪಾಠದ್ದು. ಆಗಲೇ ಇಲ್ಲ ಅಂದ ಪಾಠ ನಿನ್ನೆ ಆಗಿದೆ. ಡಬ್ಬಿ ಕೊಟ್ಟು ಇವಳು ಹೋದ ಮೇಲೆ ನೀವು ಬಂದ್ರಿ, ಒಬ್ಬರೇ. ಮೇಷ್ಟ್ರು ಕೊಡೆ ಹಿಡಿದು ನಿಮ್ಮ ಮನೆಯವರನ್ನು ಕರೆತರೋಕೆ ಹೊರಟರು. ಯಾರನ್ನ?"

ಅವನು ಗೋಡೆಗೊರಗಿ ಕುಸಿದ.

"ವೆಂಕಟಲಕ್ಷ್ಮಿಯನ್ನ... ನನ್ನ ಹೆಂಡತಿ. ತಾಂಬರಂನಲ್ಲಿದ್ದಾಳೆ. ಹೇಳದೆ ಬಿಟ್ಟು ಹೊರಟಿದ್ದೆ. ಮೇಷ್ಟ್ರು ಆ ಎರಡು ಮಾತು ಹೇಳಿಕೊಟ್ಟು, 'ಉಳಿಯೋರು ಯಾರಪ್ಪ ನಿನಗೆ?' ಅಂದರು. ಬಾಯಿಬಿಟ್ಟೆ. ಈಗಲೇ ರೈಲು ಹತ್ತಿ ಕರೆತರ್ತೀನಿ ಅಂತ ಎದ್ದರು. ತಡೆದೆ, ತಳ್ಳಿದೆ. ಟ್ರಂಕು ತಲೆಗೆ ತಾಕಿತು."

ಬದರಿನಾಥರಿಗೆ ಸಂಕಟವಾಯಿತು. ಆ ಹೆಂಡತಿಗೆ ಸುದ್ದಿ ಹೇಳಲು ಮೇಷ್ಟ್ರ ಬದಲು ತಾಂಬರಂಗೆ ಈಗ ತಾವು ಹೋಗಬೇಕು.

"ನೀನು ಹಡಗಿಗೆ ಹೊರಡಮ್ಮಾ," ಎಂದರು ಚಂದ್ರಮತಿಗೆ.

ಅವಳು ಹೊರಡಲಿಲ್ಲ. ಬೇಡಿ ತೊಟ್ಟವನ ಮುಂದೆ ನಿಂತಳು. ಮೇಷ್ಟ್ರ ಕೊನೇ ಪಾಠ ಈಗ ಇವನೊಬ್ಬನ ಬಾಯಲ್ಲಿತ್ತು.

"ಹೋಗುವವರು ಎಂತ ಹೇಳಬೇಕು? ಹೇಳಿಕೊಡಿ."

ಅವನು ತಲೆಯೆತ್ತಲಿಲ್ಲ. "ಸೆಲಾಮತ್ ತಿಂಗಲ್. ಉಳಿಯೋರು ಸುಖವಾಗಿರಲಿ ಅಂತ."

ಚಂದ್ರಮತಿ ಅಪ್ಪನ ಕಡೆ ತಿರುಗಿ ಅದನ್ನೇ ಹೇಳಿದಳು. ಸುಬ್ರಾಯ ಉಳಿಯುವವರ ಮಾತಿಗೆ, ಆ 'ಸೆಲಾಮತ್ ಜಾಲನ್'ಗೆ, ಬಾಯಿ ತೆರೆದ. ಅದು ಬರಲಿಲ್ಲ.

"ಹೋಗಿ ಬಾ ಮಗಾ," ಎಂದು ಅತ್ತುಬಿಟ್ಟ.