ಒಳಗಿನ ಕಂಪ್ಯೂಟರಿನ ಹನ್ನೊಂದು ಇಪ್ಪತ್ತು

ನೀಲಮ ಬಂದಾಗ ನಜೀರಸಾಬರು ಅಂಗಳದಲ್ಲಿ ಕೂತು ಹಳೆಯ ಮಿಕ್ಸರ್ ಒಂದನ್ನು ಬಿಚ್ಚುತ್ತಿದ್ದರು. ಅವರು ಕಳಚಿದ ಸ್ಕ್ರೂಗಳನ್ನು ಬಟ್ಟಲಿಗೆ ಹಾಕುವ ಕೆಲಸ ನನ್ನದು. ಮೂವತ್ತೊಂದು ವರ್ಷ ಅಥಣಿ ಡಿಪೋದಲ್ಲಿ ಕಂಡಕ್ಟರಾಗಿದ್ದ ಈ ಭೀಮಸಿಗೆ ನಿವೃತ್ತಿಯ ನಂತರ ಸಿಕ್ಕ ಬಡ್ತಿ ಅದು.

ನಜೀರಸಾಬರು ಮೊದಲು ಲೈನ್‌ಮನ್, ಆಮೇಲೆ ಸಬ್‌ಸ್ಟೇಷನ್ ಆಪರೇಟರ್ ಆಗಿ ನಿವೃತ್ತರಾದವರು. ಊರಿನಲ್ಲಿ ಏನು ಕಳೆದರೂ, ಯಾರ ಮೇಲೆ ಸುಳ್ಳು ಅಪವಾದ ಬಂದರೂ ಜನ ಪೊಲೀಸ್ ಠಾಣೆಗಿಂತ ಮೊದಲು ಅವರ ಅಂಗಳಕ್ಕೆ ಬರುತ್ತಿದ್ದರು. ಅವರ ಹೆಂಡತಿ ಮೈಮುನಾ ಚಹಾ ಮಾಡಿ ಸಾಕಾಗಿ, ಬಂದವರು ಸಕ್ಕರೆ ತರಬೇಕೆಂದು ಒಮ್ಮೆ ಬೋರ್ಡು ಹಾಕಿಸುವ ಮಾತಾಡಿದ್ದುಂಟು.

ನೀಲಮ ಸಕ್ಕರೆ ತಂದಿರಲಿಲ್ಲ. ಅತ್ತು ಅತ್ತು ಕಣ್ಣು ಕೆಂಪಾಗಿದ್ದರೂ ದನಿ ಗಟ್ಟಿಯಾಗಿತ್ತು.

“ಕಾಕಾ, ಇವತ್ತ ನಾಕಕ್ಕ ಸಂಘದ ಮೀಟಿಂಗ್ ಐತ್ರಿ. ನಾ ಕಳ್ಳಿ ಅಂತ ಠರಾವ್ ಮಾಡ್ತಾರ. ಆಯಿ ನನ್ನ ರಂಪಿಗಿ ಕಸಗೊಂಡ್ಳು.”

ಆಯಿ ಎಂದರೆ ಸುಂದ್ರವ್ವ, ‘ನೆರಳು’ ಪಾದುಕೆ ಮಹಿಳಾ ಸಂಘದ ಅಧ್ಯಕ್ಷೆ. ನೀಲಮನಿಗೆ ತೊಗಲು ಕೊಯ್ಯುವುದನ್ನು, ಹೆಣೆಯುವುದನ್ನು ಕೈಹಿಡಿದು ಕಲಿಸಿದ ಮುದುಕಿ. ರಂಪಿಗಿ ಅಂದರೆ ತೊಗಲು ಕೊಯ್ಯುವ ಅಗಲ ಬಾಯಿಯ ಉಳಿ. ಅದನ್ನು ಕಲಿಸಿದವರೇ ಕಸಿದುಕೊಂಡರೆ ಅಥಣಿಯಿಂದ ನಿಪ್ಪಾಣಿಯವರೆಗೆ ಆ ಕೈಗೆ ಯಾರೂ ತೊಗಲು ಕೊಡುವುದಿಲ್ಲ. ನೀಲಮ ಅಳುತ್ತಿದ್ದದ್ದು ಅದಕ್ಕೇ.

ವಿಷಯ ಇಷ್ಟು. ಸುಂದ್ರವ್ವನೂ ನೀಲಮನೂ ಒಂದು ವರ್ಷ ಕೂತು ಏಳು ಎಳೆಯ ಹೆಣಿಗೆಯ ಹೊಸ ಚಪ್ಪಲಿಯ ನಕ್ಷೆ ಮಾಡಿದ್ದರು. ಅದು ಸಂಘದ ಕಂಪ್ಯೂಟರಿನಲ್ಲಿತ್ತು. ಸಂಘದವರು ಅದನ್ನು ಹೊರಗೆ ತೋರಿಸುವ ಮೊದಲೇ ಮಿರಜದ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಅದೇ ಚಪ್ಪಲಿ ತೂಗಾಡಿತು. ಹೋದ ಶುಕ್ರವಾರ ಎಲ್ಲರ ಎದುರಿಗೆ ಕಂಪ್ಯೂಟರ್ ತೆರೆದು ನೋಡಿದಾಗ, ಮೂರು ವಾರದ ಹಿಂದಿನ ಮಂಗಳವಾರ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಕ್ಷೆ ಪೆನ್‌ಡ್ರೈವಿಗೆ ನಕಲಾಗಿದೆ ಎಂಬ ದಾಖಲೆ ಸಿಕ್ಕಿತು. ಆ ಹೊತ್ತಿನಲ್ಲಿ ಆ ಕೋಣೆಯಲ್ಲಿದ್ದವಳು ನೀಲಮ ಒಬ್ಬಳೇ. ಸಾಲದ್ದಕ್ಕೆ, ಮಿರಜದ ಆ ವ್ಯಾಪಾರಿ ಹಿಂದೊಮ್ಮೆ ಅವಳನ್ನು ಕೆಲಸಕ್ಕೆ ಕರೆದಿದ್ದ. ಅದನ್ನು ಊರಿಗೆಲ್ಲ ಹೇಳಿದವಳೂ ಅವಳೇ.

“ಮಂಗಳವಾರ,” ಅಂದರು ನಜೀರಸಾಬರು. ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟರು. “ಭೀಮಸಿ, ಗಾಡಿ ತಗಿ.”

ನನ್ನ ಲೂನಾದ ಹಿಂದೆ ಕೂರುವಾಗ ಈ ಮನುಷ್ಯ ಕಾರಣ ಹೇಳಿದ್ದು ಇವತ್ತಿಗೂ ಇಲ್ಲ. ಸಬ್‌ಸ್ಟೇಷನ್ನಿನ ಎದುರು ಇಳಿದು, ಒಳಗೆ ಹೋಗಿ, ಹತ್ತು ನಿಮಿಷಕ್ಕೆ ಒಂದು ಚೀಟಿ ಮಡಚಿಕೊಂಡು ಬಂದರು. ಏನೆಂದು ಕೇಳಿದರೆ, ಸಂಘದ ಕಡೆ ನಡಿ ಅಂದರು.

ಸಂಘದ ಆಫೀಸು ಒಂದು ಕೋಣೆ, ಹಿಂದೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ತೊಗಲು ಕತ್ತರಿಸುವ ಮಷೀನು. ಅದನ್ನು ನಡೆಸುವ ಕಾಕಾಸಾಹೇಬ ಮಾತಿಗೆ ಮೊದಲು ಕೆಮ್ಮುವ ಮನುಷ್ಯ. ಆ ಮಂಗಳವಾರ ಬೆಳಿಗ್ಗೆ ಕರೆಂಟ್ ಹೋಯಿತೆಂದು ಮನೆಗೆ ಹೋಗಿ, ಉಂಡು ಮಲಗಿ, ಎರಡೂವರೆಗೆ ಬಂದೆನೆಂದ. ಬಂದಾಗ ಕಂಪ್ಯೂಟರ್ ಚಾಲೂ ಇತ್ತು, ಸಂಜೆಯವರೆಗೆ ತೊಗಲು ಕತ್ತರಿಸಿ ತಾನೇ ಅದನ್ನು ಪೂರ್ತಿ ಬಂದ್ ಮಾಡಿ ಹೋದೆನೆಂದ. ಕರೆಂಟ್ ಹೋದದ್ದು ಎಷ್ಟಕ್ಕೆ ಎಂದು ಕೇಳಿದರೆ, ಗಡಿಯಾರ ಯಾರು ನೋಡ್ತಾರ್ರಿ ಎಂದು ಕೆಮ್ಮಿದ.

ಕಾರ್ಯದರ್ಶಿ ಸುರಜ ಮಾತ್ರ ಕೇಳುವ ಮೊದಲೇ ಉತ್ತರ ಕೊಡುವ ಪೈಕಿ. ಇಸ್ತ್ರಿ ಮಾಡಿದ ಅಂಗಿ, ಎದೆ ಕಿಸೆಯಲ್ಲಿ ಎರಡು ಪೆನ್ನು. ಆ ದಿನ ತಾನು ಐನಾಪುರಕ್ಕೆ ಹೋಗಿದ್ದೆ ಅಂದ. ಪರ್ಸಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಅದರೊಳಗೆ ಹತ್ತೂವರೆಯ ಬಸ್ಸಿನ ಟಿಕೆಟ್ಟು, ಅಕ್ಷರ ಒಂದೂ ಮಾಸಿರಲಿಲ್ಲ.

“ಹನ್ನೊಂದು ಇಪ್ಪತ್ತಕ್ಕ ನಾ ಬಸ್ಸಿನ್ಯಾಗಿದ್ದೆ ನೋಡ್ರಿ,” ಅಂದ.

ವಾಪಸು ಬಂದದ್ದು ಎಷ್ಟಕ್ಕೆ ಎಂದು ನಜೀರಸಾಬರು ಕೇಳಿದರು. ಒಂದೂವರೆಗೆ ಎಂದು ಸಲೀಸಾಗಿ ಹೇಳಿದ. ಆಗಷ್ಟೇ ಕರೆಂಟ್ ಬಂದಿತ್ತಂತೆ, ತಾನೇ ಬೀಗ ತೆಗೆದು ಕೂತು ಕಾಗದಪತ್ರ ನೋಡಿದನಂತೆ. ಬರುವ ಟಿಕೆಟ್ ಎಲ್ಲಿ ಎಂದು ನಾನು ಕೇಳಿದೆ. ನನ್ನದು ಹಾಳು ಚಟ. ಎಲ್ಲೋ ಒಗೆದೆ ಅಂದ.

ನೀಲಮ ಹೇಳಿದ್ದಕ್ಕೂ ಇದಕ್ಕೂ ಎಲ್ಲೂ ಜಗಳ ಇರಲಿಲ್ಲ. ಅವಳು ಕರೆಂಟ್ ಹೋದ ಮೇಲೆ ಕಿಟಕಿಯ ಬೆಳಕಿಗೆ ಕೂತು ತೊಗಲಿನ ಮೇಲೆ ಗುರುತು ಹಾಕಿದ್ದಳು; ಅದು ಎಷ್ಟಕ್ಕೆ ಹೋಯಿತೆಂದು ಅವಳಿಗೂ ನೆನಪಿರಲಿಲ್ಲ. ಒಂದಕ್ಕೆ ಬೀಗ ಹಾಕಿ ತೆಲಸಂಗದ ಬಸ್ ಹತ್ತಿ, ಎರಡರ ಸುಮಾರಿಗೆ ಅಲ್ಲಿಯ ಹೆಣಿಗೆಯ ಹೆಂಗಸರಿಗೆ ಕತ್ತರಿಸಿದ ತೊಗಲು ಹಂಚಿದ್ದಳು. ಆ ಹೆಂಗಸರು ಎಂಟು ಮಂದಿ. ಆದರೆ ಅವರ ಸಾಕ್ಷಿ ಹನ್ನೊಂದು ಇಪ್ಪತ್ತಕ್ಕೆ ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಹುಡುಗಿಯನ್ನು ಕಂಡರೆ ಕದ್ದವಳಂತೆ ಅನಿಸುತ್ತಿರಲಿಲ್ಲ, ಆದರೆ ಯಂತ್ರದೊಡನೆ ಯಾರು ವಾದ ಮಾಡುತ್ತಾರೆ?

ನಜೀರಸಾಬರು ಕಂಪ್ಯೂಟರ್ ಅಂಗಡಿಯ ಫಿರೋಜನಿಗೆ ಹೇಳಿ ಕಳಿಸಿದರು. ಫಿರೋಜ ಬಂದವನೇ, ಇಷ್ಟು ದಿನ ತನ್ನನ್ನು ಯಾಕೆ ಕರೆಯಲಿಲ್ಲ ಎಂದು ಸುರಜನ ಮುಖ ನೋಡಿದ. ಅವಶ್ಯಕತೆ ಬೀಳಲಿಲ್ಲ ಎಂದ ಸುರಜ.

ಆ ಕಂಪ್ಯೂಟರಿನ ಕತೆಯನ್ನು ಫಿರೋಜ ನಮಗೆ ಬಿಡಿಸಿ ಹೇಳಿದ. ಕತ್ತರಿಸುವ ಮಷೀನು ಹಳೆಯದು. ಅದರ ಸಾಫ್ಟ್‌ವೇರ್ ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಹಳೆಯ ಕಂಪ್ಯೂಟರ್ ಸುಟ್ಟುಹೋಗಿತ್ತು, ಹೊಸದರಲ್ಲಿ ಹೊಸ ವಿಂಡೋಸು. ಹೀಗಾಗಿ ಅವನು ಹೊಸ ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ ನಡೆಸುವ ಸಾಫ್ಟ್‌ವೇರ್ ಹಾಕಿದ್ದ. ಹೊರಗೆ ಹೊಸ ವಿಂಡೋಸು, ಅದರ ಒಂದು ಕಿಟಕಿಯಲ್ಲಿ ಹಳೆಯ ವಿಂಡೋಸು, ಎರಡೂ ಒಟ್ಟಿಗೆ. ಚಪ್ಪಲಿಯ ನಕ್ಷೆಯೂ ಅದು ನಕಲಾದ ದಾಖಲೆಯೂ ಇದ್ದದ್ದು ಈ ಒಳಗಿನದರಲ್ಲಿ. ಎರಡು ತಿಂಗಳು ಟ್ರಯಲ್ ನೋಡಿ, ಹೊಂದಿದರೆ ಇಟ್ಟುಕೊಳ್ಳುವ ಮಾತಾಗಿತ್ತು.

“ಅಂದ್ರ ಒಂದ ಮನ್ಯಾಗ ಎರಡು ಒಲಿ,” ಅಂದರು ನಜೀರಸಾಬರು. ಆಮೇಲೆ ನೀಲಮನ ಕಡೆ ತಿರುಗಿ, “ಕರೆಂಟ್ ಹೋದಾಗ ನೀ ಏನ ಮಾಡ್ತಿ ಮಗಳ?” ಎಂದು ಕೇಳಿದರು.

“ಯುಪಿಎಸ್ ಹತ್ತು ಮಿನಿಟ್ ಅಷ್ಟ ತಡಿತೈತ್ರಿ. ಅದು ಕೂಗಿದ ಕೂಡ್ಲೆ ಒಳಗಿನ ಕಂಪ್ಯೂಟರ್ ಇದ್ದಲ್ಲೇ ನಿಲ್ಲಿಸಿ, ಸೇವ್ ಮಾಡಿ, ಹೊರಗಿಂದು ಬಂದ್ ಮಾಡ್ತೀನ್ರಿ. ಕರೆಂಟ್ ಬಂದ ಮ್ಯಾಲ ಕೆಲಸ ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದ ಸಿಗತೈತಿ. ಸಂಜಿಕ ಮಾತ್ರ ಪೂರಾ ಬಂದ್ ಮಾಡತೇವ್ರಿ.”

ನಜೀರಸಾಬರು ಗಡ್ಡ ಕೆರೆದುಕೊಂಡು ನಕ್ಕರು. ಆ ನಗೆ ನನಗೆ ಗೊತ್ತು. ಕಂಬ ಹತ್ತುವ ಮೊದಲೇ ಫಾಲ್ಟ್ ಎಲ್ಲಿದೆ ಎಂದು ತಿಳಿದಾಗ ಬರುವ ನಗೆ. ಫಿರೋಜನನ್ನು ಮೂಲೆಗೆ ಕರೆದೊಯ್ದು ಏನೋ ಹುಡುಕಲು ಹೇಳಿದರು. ಆಮೇಲೆ ನಾಲ್ಕರವರೆಗೆ ನಿಶ್ಚಿಂತೆಯಿಂದ ಗೋಡೆಗೊರಗಿ ನಿದ್ದೆ ಹೊಡೆದರು. ನಾನು ಕೂತು ಕೈ ಹಿಸುಕಿಕೊಂಡೆ.

ನಾಲ್ಕಕ್ಕೆ ಇಪ್ಪತ್ತು ಹೆಂಗಸರು ಜಮಖಾನೆಯ ಮೇಲೆ ಕೂತರು. ಸುಂದ್ರವ್ವ ಮೇಜಿನ ಹಿಂದೆ, ಎದುರಿಗೆ ನೀಲಮನ ರಂಪಿಗಿ. ನೀಲಮ ಬಾಗಿಲ ಹತ್ತಿರ ನಿಂತಿದ್ದಳು, ಯಾರೂ ಅವಳಿಗೆ ಕೂರಲು ಹೇಳಲಿಲ್ಲ.

ನಜೀರಸಾಬರು ಮೊದಲು ಎಲ್ಲರಿಗೂ ಪರದೆ ತೋರಿಸಿದರು. ಹೊರಗಿನ ಗಡಿಯಾರ ನಾಲ್ಕು ಐದು, ಒಳಗಿನದೂ ನಾಲ್ಕು ಐದು. ಆಮೇಲೆ ಗೋಡೆಯ ಮೇನ್ ಸ್ವಿಚ್ ಇಳಿಸಿದರು. ಯುಪಿಎಸ್ ಕೂಗಿತು. ದಿನವೂ ಮಾಡುವಂತೆ ಮಾಡು ಎಂದು ನೀಲಮನಿಗೆ ಹೇಳಿದರು. ಅವಳು ಬಂದು ಎರಡು ಸಲ ಒತ್ತಿದಳು, ಪರದೆ ಕಪ್ಪಾಯಿತು. ಎಲ್ಲರಿಗೂ ಚಹಾ ಬಂತು. ಸುರಜ ಇದೇನು ನಾಟಕ ಎಂದು ಗೊಣಗಿದ, ಸುಂದ್ರವ್ವ ಸುಮ್ಮನಿರಲು ಕೈ ಮಾಡಿದಳು.

ಕಪ್ಪು ಖಾಲಿಯಾದ ಮೇಲೆ ಸ್ವಿಚ್ ಏರಿತು. ಹೊರಗಿನ ಗಡಿಯಾರ ನಾಲ್ಕು ಇಪ್ಪತ್ತೈದು ತೋರಿಸಿತು. ಒಳಗಿನದು ಇನ್ನೂ ನಾಲ್ಕು ಏಳರಲ್ಲಿತ್ತು.

“ನಾವು ಚಾ ಕುಡದ ಹೊತ್ತು ಒಳಗಿನ ಕಂಪ್ಯೂಟರಿಗೆ ಗೊತ್ತಿಲ್ಲ,” ಅಂದರು ನಜೀರಸಾಬರು. “ಅದು ಮಲಗಿತ್ತು. ಎದ್ದು, ಮಲಗಿದಾಗಿನ ಹೊತ್ತ ಹೇಳಾಕತ್ತೈತಿ.”

ಎರಡೂ ಗಡಿಯಾರ ಹೊಂದಿಸುವ ಸಾಫ್ಟ್‌ವೇರಿನ ತುಣುಕನ್ನು ಟ್ರಯಲ್ ಮುಗಿಯಲಿ ಎಂದು ತಾನು ಹಾಕಿರಲಿಲ್ಲ ಎಂದು ಫಿರೋಜ ತಲೆ ಕೆಳಗೆ ಹಾಕಿ ಒಪ್ಪಿಕೊಂಡ. ಸಂಜೆ ಪೂರ್ತಿ ಬಂದ್ ಮಾಡಿ ಮರುದಿನ ಹಚ್ಚಿದರೆ ಒಳಗಿನ ಗಡಿಯಾರ ತಾನೇ ಸರಿಹೋಗುತ್ತದೆ. ಶುಕ್ರವಾರ ನೋಡಿದವರಿಗೆ ಅದು ಸರಿಯಾಗೇ ಕಂಡದ್ದು ಅದಕ್ಕೆ.

ನಜೀರಸಾಬರು ಸಬ್‌ಸ್ಟೇಷನ್ನಿನಿಂದ ತಂದ ಚೀಟಿ ಬಿಡಿಸಿದರು. ಆ ಮಂಗಳವಾರ ಲೈನ್ ಕೆಲಸಕ್ಕಾಗಿ ಹನ್ನೊಂದರಿಂದ ಒಂದೂವರೆಯವರೆಗೆ ಈ ಓಣಿಗೆ ಕರೆಂಟ್ ಇರಲಿಲ್ಲ. ಮಂಗಳವಾರ ಎಂದ ಕೂಡಲೇ ಅವರಿಗೆ ಅನುಮಾನ ಬಂದದ್ದು ಅದಕ್ಕೇ. ಲೈನ್ ಕೆಲಸಕ್ಕೆ ಕರೆಂಟ್ ತೆಗೆಯುವುದು ಮಂಗಳವಾರವೇ. ಹನ್ನೊಂದು ಇಪ್ಪತ್ತಕ್ಕೆ ಈ ಕೋಣೆಯಲ್ಲಿ ಯಾವ ಕಂಪ್ಯೂಟರೂ ಜೀವಂತ ಇರಲಿಲ್ಲ, ನೀಲಮನಲ್ಲ, ಯಾರೇ ಆದರೂ ನಕಲು ಮಾಡುವಂತಿರಲಿಲ್ಲ. ಹೊರಗಿನ ಕಂಪ್ಯೂಟರಿನ ದಾಖಲೆಯಂತೆ ನೀಲಮ ಒಳಗಿನದನ್ನು ಮಲಗಿಸಿದ್ದು ಹನ್ನೊಂದು ಐದಕ್ಕೆ. ಮತ್ತೆ ಎಬ್ಬಿಸಿ ಹದಿನೈದು ನಿಮಿಷ ಕಳೆದಾಗ ಅದರ ಪಾಲಿಗೆ ಹನ್ನೊಂದು ಇಪ್ಪತ್ತು.

“ಎಬ್ಬಿಸಿದ್ದು ಯಾವಾಗ ಅಂತ ಹೊರಗಿನ ಕಂಪ್ಯೂಟರ್ ಬರಕೊಂಡೈತಿ. ಓದು ಫಿರೋಜ.”

ಟ್ರಯಲ್ ಆದ್ದರಿಂದ ಫಿರೋಜ ಹೊರಗಿನ ದಾಖಲೆಗಳನ್ನೆಲ್ಲ ಅಳಿಸದೆ ಇಟ್ಟಿದ್ದ. ಅವನು ಓದಿದ: ಮಧ್ಯಾಹ್ನ ಒಂದು ಮೂವತ್ತಾರಕ್ಕೆ ಒಳಗಿನ ಕಂಪ್ಯೂಟರ್ ಶುರು, ಒಂದು ಐವತ್ತಕ್ಕೆ ಪೆನ್‌ಡ್ರೈವ್ ಜೋಡಣೆ.

ಆ ಹೊತ್ತಿಗೆ ನೀಲಮ ತೆಲಸಂಗದ ದಾರಿಯಲ್ಲಿ, ಕಾಕಾಸಾಹೇಬ ತನ್ನ ಮನೆಯಲ್ಲಿ. ಬೀಗ ತೆಗೆದು ಒಬ್ಬನೇ ಕೂತಿದ್ದವನು ಯಾರೆಂದು ಅವನೇ ಬೆಳಿಗ್ಗೆ ನಮಗೆ ಹೇಳಿದ್ದ.

ಸುರಜ ಎದ್ದು ನಿಂತ. ಕಾಕಾಸಾಹೇಬ ಮನೆಯಲ್ಲಿದ್ದನೆಂದು ಯಾರು ನೋಡಿದ್ದಾರೆ, ಶೆಡ್ಡಿನಿಂದ ಬಂದು ಅವನೇ ಮಾಡಿರಬಹುದು ಎಂದ. ಆಗ ನಜೀರಸಾಬರು ನನ್ನ ಕಡೆ ನೋಡಿದರು. ನನ್ನ ಸರದಿ ಬಂದದ್ದು ನನಗೆ ತಿಳಿಯಿತು, ಸುಳ್ಳೇಕೆ, ಎದೆ ಉಬ್ಬಿತು.

ಮೂವತ್ತೊಂದು ವರ್ಷದಲ್ಲಿ ಲಕ್ಷಗಟ್ಟಲೆ ಟಿಕೆಟ್ ಹರಿದಿದ್ದೇನೆ ಅಂದೆ. ಇಳಿದ ಜನ ಅದನ್ನು ಉಂಡೆ ಮಾಡಿ ಒಗೆಯುತ್ತಾರೆ. ಭತ್ಯೆ ಬೇಕಾದವರು ಹೋಗುವ ಟಿಕೆಟ್ಟು, ಬರುವ ಟಿಕೆಟ್ಟು ಎರಡೂ ಇಟ್ಟುಕೊಳ್ಳುತ್ತಾರೆ. ಈಗಿನ ಮಷೀನ್ ಟಿಕೆಟ್ಟಿನ ಅಕ್ಷರ ಕಿಸೆಯ ಬೆವರಿಗೆ ನಾಲ್ಕು ದಿನದಲ್ಲಿ ಮಾಸುತ್ತದೆ. ಸುರಜ ಹೋಗುವ ಟಿಕೆಟ್ ಒಂದನ್ನೇ, ಮೂರು ವಾರ, ಪ್ಲಾಸ್ಟಿಕ್ಕಿನಲ್ಲಿ ಜೋಪಾನ ಮಾಡಿದ್ದ.

“ಹನ್ನೊಂದು ಇಪ್ಪತ್ತು ಅಂತ ಈ ಮಂದಿಗೆ ಗೊತ್ತಾಗಿದ್ದು ಮೊನ್ನೆ ಶುಕ್ರವಾರ,” ಅಂದರು ನಜೀರಸಾಬರು ಮೆತ್ತಗೆ. “ಆ ಹೊತ್ತಿನ ಸಾಕ್ಷಿ ಬೇಕಾಗತೈತಿ ಅಂತ ನಿನಗ ಮೂರು ವಾರ ಮೊದಲ ಹೆಂಗ ಗೊತ್ತಾತು ಸುರಜ? ನಕಲು ಮಾಡುವಾಗ ಪರದೆ ಮ್ಯಾಲಿನ ಗಡಿಯಾರ ನೋಡಿದವಗ ಅಷ್ಟ ಅದು ಗೊತ್ತು.”

ಸುರಜ ಕುಳಿತುಬಿಟ್ಟ. ಮಿರಜದ ವ್ಯಾಪಾರಿ ನಿಪ್ಪಾಣಿಯಲ್ಲಿ ಹಾಕುವ ಹೊಸ ಅಂಗಡಿಯನ್ನು ತನಗೆ ನಡೆಸಲು ಕೊಡುತ್ತೇನೆಂದಿದ್ದ ಎಂದು ನೆಲ ನೋಡುತ್ತ ಹೇಳಿದ. ಸುಂದ್ರವ್ವ ಬೀಗದ ಕೈ ಇಟ್ಟು ಹೋಗು, ಉಳಿದದ್ದು ಠಾಣೆಯಲ್ಲಿ ಎಂದಳು. ಅವನು ಇಟ್ಟು ಹೋದ.

ಆಮೇಲೆ ಸುಂದ್ರವ್ವ ರಂಪಿಗಿಯನ್ನು ಹಿಡಿಯ ಕಡೆಯಿಂದ ನೀಲಮನತ್ತ ಸರಿಸಿದಳು. ನೀಲಮ ತೆಗೆದುಕೊಳ್ಳಲಿಲ್ಲ.

“ಆಯಿ, ನನ್ನ ಕಳ್ಳಿ ಅಂದದ್ದು ಇವರೆಲ್ಲಾರ ಮುಂದ,” ಅಂದಳು. ಅವಳು ಕಣ್ಣು ತಗ್ಗಿಸಲಿಲ್ಲ.

ಎಪ್ಪತ್ತು ದಾಟಿದ ಸುಂದ್ರವ್ವ ಮೇಜು ಹಿಡಿದು ಎದ್ದಳು. ಬಾಗಿಲವರೆಗೆ ನಡೆದು ಬಂದು ಹುಡುಗಿಯ ಪಕ್ಕ ನಿಂತು, ಜಮಖಾನೆಯ ಕಡೆ ತಿರುಗಿದಳು.

“ಇಪ್ಪತ್ತು ಮಂದಿ ಕೇಳ್ರಿ. ಹತ್ತು ವರ್ಷ ನನ್ನ ಮಗ್ಗಲದಾಗ ಕೂತ ಹುಡುಗಿನ್ನ ನಾ ನಂಬಲಿಲ್ಲ, ಎರಡು ತಿಂಗಳ ಟ್ರಯಲ್‌ಗೆ ಬಂದ ಗಡಿಯಾರ ನಂಬಿದೆ. ತಪ್ಪು ನಂದು.”

ನೀಲಮ ಆಗ ಹೋಗಿ ತನ್ನ ರಂಪಿಗಿ ಕೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಅದರ ಬಾಯಿ ಮುಟ್ಟಿ ನೋಡಿ, ಮೊಂಡಾಗಿದೆ ಎಂದು ಮಸೆಯುವ ಕಲ್ಲು ಕೇಳಿದಳು. ಕಲ್ಲು ತಂದುಕೊಟ್ಟವಳು ಸುಂದ್ರವ್ವ.