ಬೈಚಲದೇವಿಯ ಕಾಲಂದುಗೆ

ಪಡುಗಡಲ ದಂಡೆಯ ಶಂಖಪುರವೆಂದರೆ ಏನು ವೈಭವ ಅಂತೀರಿ! ಬಂದರಿನಲ್ಲಿ ಅರಬರ ಹಡಗುಗಳು, ರಾಜಬೀದಿಯಲ್ಲಿ ಕುದುರೆಗಳ ಹೇಷಾರವ, ಅರಮನೆಯ ಶಿಖರದಲ್ಲಿ ಮೀನಿನ ಪತಾಕೆ. ಒಳಗೆ ಬೊಕ್ಕಸ ಮಾತ್ರ ಬಟ್ಟಬರಿದು. ಗತಿಸಿದ ಅರಸನ ತಮ್ಮ ಕೇತರಸ ಅದನ್ನೆಲ್ಲ ಬೇಟೆಗೂ ಸೂಳೆಗೇರಿಗೂ ಸುರಿದಿದ್ದ. ಪಟ್ಟದ ಭಾರ ಹೊತ್ತ ವಿಧವೆ ರಾಣಿ ಬೈಚಲದೇವಿ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಗಡಿಯಲ್ಲಿ ದಂಡು ಕೂಡಿಸಿದ್ದ ನೆರೆಯರಸನ ರಾಯಭಾರಿ ಸಂಧಿಯ ಔತಣಕ್ಕೆ ಬರುವವನಿದ್ದ. ಬಡತನದ ವಾಸನೆ ಹತ್ತಿದರೆ ಸಂಧಿಯೆಲ್ಲಿ, ಸಂಗ್ರಾಮವೇ.

ಆಕೆಗೆ ಉಳಿದಿದ್ದ ಆಸರೆ ದೂರದ ಪಡುವಣ ನಾಡಿನ ಮಾಲಗಾ ಪಟ್ಟಣದಿಂದ ಹಡಗೇರಿ ಬಂದ ಕುಂಬಾರ ಇದ್ರೀಸ. ಬಿಳಿಯ ಪಿಂಗಾಣಿ ತಟ್ಟೆಯ ಮೇಲೆ ಬೆಳ್ಳಿಯ ಭಸ್ಮದಿಂದ ಬಳ್ಳಿ ಬರೆದು, ಹೊಗೆಯಲ್ಲಿ ಇನ್ನೊಮ್ಮೆ ಸುಟ್ಟು, ಮಸಿ ಉಜ್ಜಿ ತೆಗೆದನೆಂದರೆ ಮಣ್ಣೇ ಹೊನ್ನಾಗಿ ಹೊಳೆಯುತ್ತಿತ್ತು. ಪಡುವಣ ಸುಲ್ತಾನರು ಉಣ್ಣುವ ತಟ್ಟೆಗಳವು. ಆದರೆ ಬೆಳ್ಳಿಯೆಲ್ಲಿ? ಚಿನ್ನವೆಲ್ಲ ಕರಗಿತ್ತು ನಿಜ. ಪಾದಕ್ಕೆ ಚಿನ್ನ ಸೋಕಿಸಬಾರದೆಂದು ಮದುವೆಯಲ್ಲಿ ಗಂಡ ತೊಡಿಸಿದ್ದ ಬೆಳ್ಳಿಯ ಕಾಲಂದುಗೆ ಮಾತ್ರ ಪೆಟ್ಟಿಗೆಯಲ್ಲಿತ್ತು. ಯಾರನ್ನೂ ನಂಬದೆ, ರಾಣಿ ತಾನೇ ಅವನ ಗುಡಿಸಲಿಗೆ, ಮಡಕೆ ಸುಡುವ ಆವಿಗೆಯ ಬಳಿಗೇ ಹೋಗಿ ಕೊಟ್ಟು ಬಂದಳು. ಆವಿಗೆಗಿಂತ ಮೊದಲು ಊರ ಬಾಯಿ ಹೊಗೆಯಾಡಿತು!

ಔತಣದ ದಿನ ರಾಯಭಾರಿಯ ಎದುರಿಗೇ ಕೇತರಸ ಎದ್ದು ನಿಂತ.

"ಅತ್ತಿಗೆಯವರೇ, ಅಣ್ಣ ತೊಡಿಸಿದ ಕಾಲಂದುಗೆ ಯಾರ ಪಾಲಾಯಿತು? ಕುಂಬಾರನ ಗುಡಿಸಲಿಗೆ ತಾವು ಪಾದ ಬೆಳೆಸಿದ್ದು ಮಣ್ಣು ತುಳಿಯಲಿಕ್ಕೋ?"

ಸಭೆ ಕಿಸಕ್ಕೆಂದಿತು. ರಾಣಿ ನಿಜ ನುಡಿದರೆ ರಾಜ್ಯ ಹೋಗುತ್ತದೆ, ಸುಮ್ಮನಿದ್ದರೆ ಮಾನ.

ತಟ್ಟೆ ಜೋಡಿಸುತ್ತಿದ್ದ ಇದ್ರೀಸ ಮಂಡಿಯೂರಿದ. "ಕದ್ದವನು ನಾನು, ಒಡೆಯರೇ. ಅನುಮಾನ ಬಂದು ಮಹಾರಾಣಿಯವರು ನನ್ನ ಆವಿಗೆಯವರೆಗೂ ಹುಡುಕಿ ಬಂದಿದ್ದರು. ಅಷ್ಟರಲ್ಲಿ ಮಾರಿಬಿಟ್ಟಿದ್ದೆ."

ಕಳ್ಳನಿಗೆ ಬಲಗೈ ಛೇದನವೆಂಬುದು ಆ ನಾಡಿನ ಶಾಸನ. ಬಳ್ಳಿ ಬರೆಯುವ ಅವನ ಎಡಗೈಯಾದರೂ ಉಳಿದೀತೆಂದು ರಾಣಿ ಉಸಿರು ಬಿಟ್ಟಳೋ ಇಲ್ಲವೋ, ಕೇತರಸ ನಕ್ಕ.

"ಇವನು ಎಡಚ, ಅತ್ತಿಗೆಯವರೇ. ಕದ್ದ ಕೈಯನ್ನೇ ತೆಗೆಸಬೇಕು. ಅಥವಾ ಕನಿಕರವೋ?"

ರಾಯಭಾರಿ ಆಕೆಯ ಮುಖವನ್ನೇ ನೋಡುತ್ತಿದ್ದ. ಇದ್ರೀಸ ತಲೆ ಎತ್ತದೆ ಎಡಗೈ ಮುಂದೆ ಚಾಚಿದ.

"ಎಡಗೈಯನ್ನೇ ತೆಗೆಯಿರಿ," ಎಂದಳು ರಾಣಿ. ಧ್ವನಿ ನಡುಗಲಿಲ್ಲ.

"ಇಂಥ ನ್ಯಾಯವಿರುವ ಸಿಂಹಾಸನದೊಡನೆ ಹಗೆ ಬೇಡ," ಎಂದು ರಾಯಭಾರಿ ಹೊನ್ನಬಳ್ಳಿಯ ತಟ್ಟೆಯ ಮುಂದೆ ಕುಳಿತ. ಸಂಧಿಗೆ ಮುದ್ರೆ ಬಿತ್ತು. ಕೇತರಸನ ಮುಖ ಹುಳಿ ತಿಂದಂತಾಯಿತು.

ಮರುದಿನ ಬೆಳಗ್ಗೆ ಮುಲಾಮಿನ ಬಟ್ಟಲು ಹಿಡಿದು ರಾಣಿ ಒಬ್ಬಳೇ ಇದ್ರೀಸನ ಗುಡಿಸಲಿಗೆ ಬಂದಳು. ಕದ ತೆರೆಯಲಿಲ್ಲ.

"ಹಿಂದಿರುಗಿ ತಾಯೀ," ಎಂದಿತು ಒಳಗಿನ ಕ್ಷೀಣ ಧ್ವನಿ. "ಊರು ನೋಡುತ್ತದೆ. ನೀವು ಒಳಗೆ ಬಂದರೆ ನನ್ನ ಕೈ ಸುಮ್ಮನೆ ಹೋದಂತಾಗುತ್ತದೆ."

ಆಕೆ ಬಟ್ಟಲನ್ನೂ ಅಲ್ಲಿಡಲಾರದೆ, ಸೆರಗಿನಲ್ಲಿ ಮರೆಮಾಡಿಕೊಂಡು ಹಿಂದಿರುಗಿದಳು.