ಶಿನೊಳ ಒಂಟಿ ಚಿಪ್ಪು

"ಆ ಒಂಟಿ ಚಿಪ್ಪು ಮಾತ್ರ ಮುಟ್ಟಬೇಡ. ಅದಕ್ಕೆ ಜೋಡಿ ಕೊಟ್ಟೋನು ಶಿನೊಗೆ ಗಂಡ ಆಗ್ತಾನೆ."

ಎಂದು ಅತ್ತೆ ತಾಕಿ ಎಚ್ಚರಿಸಿದಳು. ಅಳಿಯ ಕಾನ್ಸುಕೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗೋಯಾ ಪಟ್ಟಣದಲ್ಲಿ ಆಮೆಚಿಪ್ಪಿನ ಬಾಚಣಿಗೆ ಮಾಡಿಕೊಂಡಿದ್ದವನು, ಕುವಾನಾದ ಈ ಕಡಲಂಚಿನ ಮನೆಗೆ ಮನೆಅಳಿಯನಾಗಿ ಬಂದು, ಹೆಂಡತಿಯ ಮನೆತನದ ಹೆಸರನ್ನೇ ಹೊತ್ತು ಒಂದು ಚಳಿಗಾಲ ಕಳೆದಿದ್ದ. ಹೆಂಡತಿ ನುಯಿ ಎಂದರೆ ಅವನಿಗೆ ಜೀವ. ಮಿಕ್ಕದ್ದೆಲ್ಲ ಅವನ ಕಣ್ಣಿಗೆ ಕಂತೆಪುರಾಣ.

"ಸತ್ತು ಮಣ್ಣಾದೋಳಿಗೆ ಗಂಡ ಯಾಕತ್ತೆ? ಬಟ್ಟೆ ಒಗೆಯೋಕಾ?"

ತಾಕಿ ನಗಲಿಲ್ಲ. ಶಿನೊ ಹಿಂದೆ ಈ ಮನೆಯ ಸೊಸೆ. ಮದುವೆಯ ದಿನ ಒಂದೇ ಚಿಪ್ಪಿಯ ಎರಡು ಹೋಳುಗಳ ಒಳಗೆ ಒಂದೇ ಚಿತ್ರ ಬರೆದು, ಗಂಡನಿಗೊಂದು, ಹೆಂಡತಿಗೊಂದು ಕೊಡುವುದು ಇಲ್ಲಿನ ಪದ್ಧತಿ. ಶಿನೊಳ ಗಂಡ ತನ್ನ ಹೋಳನ್ನು ಸಮುದ್ರಕ್ಕೆಸೆದು ಬೇರೊಬ್ಬಳ ಹಿಂದೆ ಹೋದ. ಅವಳು ತನ್ನದನ್ನು ಪೆಟ್ಟಿಗೆಯಲ್ಲಿಟ್ಟು, ಶಾಪ ಹಾಕಿ, ಕಡಲಿನ ಇಳಿಯುವ ನೀರಿನ ಜೊತೆ ನಡೆದು ಮುಳುಗಿಹೋದಳು.

ಚಳಿಗಾಲ ಮುಗಿದ ಮೇಲೆ ಬರುವ ಹೆಣ್ಣುಮಕ್ಕಳ ಬೊಂಬೆಹಬ್ಬದ ದಿನ ಆ ಪೆಟ್ಟಿಗೆ ಹೊರಬರುತ್ತಿತ್ತು. ಮನೆಯವರ ಮದುವೆಯ ಹೋಳುಗಳೂ ಅದರಲ್ಲೇ. ಚಾಪೆಯ ಮೇಲೆ ಚಿಪ್ಪುಗಳನ್ನು ಬೋರಲು ಹರಡಿ, ಬೆನ್ನಿನ ಗೆರೆ ನೋಡಿಯೇ ಜೋಡಿ ಹುಡುಕುವ ಆಟ. ಸಾವಿರ ಚಿಪ್ಪು ಬೆರೆಸಿದರೂ ಒಂದು ಹೋಳು ತನ್ನ ಹುಟ್ಟುಜೋಡಿಗಲ್ಲದೆ ಇನ್ನೊಂದಕ್ಕೆ ಕೂಡುವುದಿಲ್ಲ. ಸರಿಯಾದದ್ದು ಸಿಕ್ಕಾಗ ಟಕ್ ಎನ್ನುವ ಆ ಸದ್ದಿಗಾಗಿ ಹೆಂಗಸರು ಊಟ ಮರೆತು ಕೂರುತ್ತಿದ್ದರು. ಕೊನೆಗೆ ಪೆಟ್ಟಿಗೆಯ ತಳದಲ್ಲಿ ಶಿನೊಳ ಒಂಟಿ ಚಿಪ್ಪು ಉಳಿಯುತ್ತಿತ್ತು. ಅದನ್ನು ಕಂಡರೆ ನುಯಿ ಹೆದರಿ ಮುಚ್ಚಳ ಹಾಕಿಬಿಡುತ್ತಿದ್ದಳು.

ಹಬ್ಬದ ಬೆಳಿಗ್ಗೆ ಸಾರು ಮಾಡಲು ಚಿಪ್ಪಿ ತಂದ ಬೆಸ್ತ ಗೆಂಪಾಚಿ ಬಾಗಿಲಲ್ಲೇ ಕೆಣಕಿದ. "ಮೂರು ಹಿಡಿ ತೌಡಿದ್ದೋನೂ ಮನೆಅಳಿಯ ಆಗಲ್ಲ ಕಣಯ್ಯ. ನಿಂಗೆ ಅದೂ ಇರಲಿಲ್ಲ. ಒಂದು ಚಿಪ್ಪು ಮುಟ್ಟೋಕೂ ಅತ್ತೆ ಅಪ್ಪಣೆ ಬೇಕಂತೆ?"

ಕಾನ್ಸುಕೆಗೆ ಉರಿ ಹತ್ತಿತು. ಚಿಪ್ಪು ಉಜ್ಜುವ ತನ್ನ ಅರಕ್ಕೆ ಬಗ್ಗದ ಅಂಚು ಈ ಲೋಕದಲ್ಲಿ ಇಲ್ಲ ಎಂಬ ಜಂಬ ಅವನದು. ಅಂಥ ಜಂಬವನ್ನು ದೇವರೂ ಇಳಿಸಲಾರ, ದೆವ್ವವೇ ಇಳಿಸಬೇಕು. ಒಂಟಿ ಚಿಪ್ಪಿಗೆ ಜೋಡಿ ಕೂಡಿಸಿ ತೋರಿಸಿ ನುಯಿಯ ಹೆದರಿಕೆಯನ್ನು ಇವತ್ತೇ ಬಿಡಿಸುತ್ತೇನೆಂದುಕೊಂಡು ಪೆಟ್ಟಿಗೆ ಎತ್ತಿಕೊಂಡು ಉಗ್ರಾಣಕ್ಕೆ ಹೋದ.

ಒಳಗೆ ಕತ್ತಲು. ಹಳೆಯ ಮರದ ಮುಗ್ಗುವಾಸನೆ. ಒಂಟಿ ಚಿಪ್ಪಿನ ಅಳತೆಗೆ ಒಂದೊಂದನ್ನೇ ಹಿಡಿದು ನೋಡಿದ. ಒಂದು ದೊಡ್ಡದು, ಒಂದು ಚಿಕ್ಕದು. ಹತ್ತಿರ ಬಂದದ್ದು ಒಂದೇ. ಒಳಗೆ ಪ್ಲಮ್ ಹೂವಿನ ಚಿತ್ರ. ಅವನ ಮದುವೆಯ ಹೋಳು.

"ನನ್ನದೇ ತಾನೆ, ಯಾರಪ್ಪನ ಗಂಟು?" ಎಂದುಕೊಂಡು ಅರ ತೆಗೆದ.

ಕರ್ ಕರ್ ಎಂದು ಉಜ್ಜಿದ. ಬಿಳಿ ಪುಡಿ ಬೆರಳಿಗೆ ಮೆತ್ತಿತು. ಕೆಸರು ನಾರಿತು, ನೀರಿಳಿದ ಕಡಲಿನ ಕೊಳೆತ ಕೆಸರು. ಮೂಗು ಮುಚ್ಚಿಕೊಂಡು ಇನ್ನೊಂದಿಷ್ಟು ಉಜ್ಜಿದ. ಕೂಡಿಸಿದ.

ಟಕ್.

ಹಿಂದೆ ಯಾರೋ ಉಸಿರು ಬಿಟ್ಟರು. ತಿರುಗಿದ. ಯಾರೂ ಇಲ್ಲ. ನೆಲ ಒದ್ದೆಯಾಗಿತ್ತು.

ಚಿಪ್ಪನ್ನು ಮುಷ್ಟಿಯಲ್ಲಿ ಹಿಡಿದು, ಗೆದ್ದವನ ಹಾಗೆ ನಗುತ್ತಾ ಮನೆಯೊಳಗೆ ಬಂದ. ಬೊಂಬೆಗಳ ಮುಂದೆ ನುಯಿ ಸಾರು ಬಡಿಸುತ್ತಿದ್ದಳು. ಅವನನ್ನು ಕಂಡು ಗಾಬರಿಯಿಂದ, ಹೊಸಬರಿಗೆ ನಮಸ್ಕರಿಸುವಂತೆ ಮಂಡಿಯೂರಿ ಬಗ್ಗಿದಳು.

"ಅಮ್ಮಾ, ಯಾರೋ ಬಂದಿದ್ದಾರೆ ನೋಡು."

"ನುಯಿ, ತಮಾಷೆ ಸಾಕು."

ಅವಳು ಅಮ್ಮನ ಹಿಂದಕ್ಕೆ ಸರಿದಳು. "ನನ್ನ ಹೆಸರು ಇವರಿಗೆ ಹೇಗಮ್ಮಾ ಗೊತ್ತು?"

ತಾಕಿ ಅಳಿಯನ ಬೆರಳು ನೋಡಿದಳು. ಬಿಳಿ ಪುಡಿ. ಅವನ ಮಣಿಕಟ್ಟು ಹಿಡಿದು ಕೇಳಿದಳು. "ಯಾವುದಕ್ಕೆ ಅರ ಹಾಕಿದೆಯೋ ಪಾಪಿ? ಯಾವುದಕ್ಕೆ?"

ಕಾನ್ಸುಕೆ ಚಿಪ್ಪುಗಳನ್ನು ಬೇರ್ಪಡಿಸಲು ನೋಡಿದ. ಉಗುರು ಹಾಕಿದ. ಚಿಪ್ಪು ಬಿಡಲಿಲ್ಲ. ಅರದ ಮೊನೆ ತೂರಿಸಿದ. ಉಗುರು ಕಿತ್ತು ರಕ್ತ ಬಂತು. ಮೀಟಿದ. ಬಿಟ್ಟಿತು! ತನ್ನ ಹೋಳನ್ನು ಹಿಡಿದು ಓಡಿ, ಹಬ್ಬಕ್ಕೆಂದು ಬೊಂಬೆಗಳ ಮುಂದೆ ಇಟ್ಟಿದ್ದ ನುಯಿಯ ಹೋಳನ್ನು ಕಸಿದುಕೊಂಡ. ಹೂವಿಗೆ ಹೂವು. ಗೆರೆಗೆ ಗೆರೆ. ಒತ್ತಿದ.

ಸದ್ದು ಬರಲಿಲ್ಲ. ಅಂಚಿನಲ್ಲಿ ಸಂದು. ಸಂದಿನಲ್ಲಿ ಬೆಳಕು.

ತಿರುಗಿಸಿದ. ಒತ್ತಿದ. ಮತ್ತೆ ಒತ್ತಿದ. ಅರ ತಿಂದದ್ದು ಮತ್ತೆ ಬೆಳೆಯುವುದಿಲ್ಲ. ಬಾಚಣಿಗೆ ಮಾಡುವವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನುಯಿ," ಎಂದು ಬಿಕ್ಕಿದ. "ನಾನು ಕಣೆ."

ಬೆನ್ನ ಹಿಂದೆ ಕೆಸರು ನಾರಿತು. ತೊಟ್, ತೊಟ್ ಎಂದು ನೀರು ಬೀಳುತ್ತಿತ್ತು. ಅವನು ತಿರುಗಲಿಲ್ಲ. ತಾಕಿ ಕಣ್ಣು ಮುಚ್ಚಿಕೊಂಡಳು.

ಅಳುತ್ತಿದ್ದ ಆ ಅಪರಿಚಿತನನ್ನು ಕಂಡು ನುಯಿಗೆ ಕನಿಕರ ಬಂತು. ಇನ್ನೊಂದು ಬಟ್ಟಲಿಗೆ ಸಾರು ಬಗ್ಗಿಸಿ, ಅವನ ಹೆಗಲಾಚೆ ಬಾಗಿಲ ಕಡೆ ನೋಡಿ, ಮೆಲ್ಲಗೆ ಹೇಳಿದಳು.

"ನಿಮ್ಮ ಹೆಂಡತಿ ಪೂರ್ತಿ ನೆಂದುಬಿಟ್ಟಿದ್ದಾರೆ. ಪಾಪ, ಒಳಗೆ ಕರೀರಿ."